‘ಎಕರೆಗೆ ಎಷ್ಟು?’ ಎನ್ನುವ ಮೊದಲು

‘1.20’ ಎಂದು ಬರೆದ ಚೀಟಿಯನ್ನು ಶಿರಾದ ರೈತ ಓದಿದರೆ ಒಂದು ಎಕರೆ ಇಪ್ಪತ್ತು ಗುಂಟೆ. ಅದೇ ಚೀಟಿ ಗಡಿ ದಾಟಿ ಆಂಧ್ರದ ರೊಳ್ಳದ ರೈತನ ಕೈಗೆ ಬಂದರೆ ಒಂದು ಎಕರೆ ಇಪ್ಪತ್ತು ಸೆಂಟು. ಕರ್ನಾಟಕದ ಪಹಣಿಯಲ್ಲಿ ಎಕರೆಯ ಮುಂದಿನ ಅಂಕಿ ಗುಂಟೆ, ನಲವತ್ತಾದರೆ ಒಂದು ಎಕರೆ. ಆಂಧ್ರದ ಅಡಂಗಲ್‌ನಲ್ಲಿ ಅದು ಸೆಂಟು, ನೂರಾದರೆ ಒಂದು ಎಕರೆ. ಹಾಗಾಗಿ ಒಂದೇ ಅಂಕಿ ಗಡಿಯ ಆಚೆ ಒಂದೂವರೆ ಎಕರೆ, ಈಚೆ ಒಂದೂಕಾಲು ಎಕರೆಗೂ ಕಡಿಮೆ. ನಡುವಿನ ವ್ಯತ್ಯಾಸ ಮೂವತ್ತು ಸೆಂಟು, ಎಂದರೆ ಹನ್ನೆರಡು ಗುಂಟೆ, 13,068 ಚದರಡಿ. ಕಳೆ ಕೀಳಲು ಎಕರೆಗೆ 4,000 ರೂಪಾಯಿ ಎಂದು ಮಾತಾಗಿದೆ ಎಂದಿಟ್ಟುಕೊಂಡರೆ ಒಬ್ಬನ ಲೆಕ್ಕ 6,000, ಇನ್ನೊಬ್ಬನದು 4,800. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿಲ್ಲ, ದರದಲ್ಲೂ ತಕರಾರಿಲ್ಲ. ಆದರೂ ಕೆಲಸ ಮುಗಿದ ಸಂಜೆ ಬದುವಿನ ಮೇಲೆ ಜಗಳ ಗ್ಯಾರಂಟಿ.

ಈ ಗೊಂದಲಕ್ಕೆ ರೊಳ್ಳ, ಅಗಳಿ, ಗುಡಿಬಂಡ, ಅಮರಾಪುರದಷ್ಟು ತಕ್ಕ ಜಾಗ ಬೇರೆ ಇರಲಾರದು. ಮಡಕಶಿರಾ ಸೀಮೆಯ ಈ ಮಂಡಲಗಳು ಆಡಳಿತದಲ್ಲಿ ಆಂಧ್ರಕ್ಕೆ ಸೇರಿವೆ, ಮಾತಿನಲ್ಲಿ ಕನ್ನಡಕ್ಕೆ. ಅನಂತಪುರ ಜಿಲ್ಲೆಯಲ್ಲಿದ್ದ ರೊಳ್ಳ 2022ರ ಏಪ್ರಿಲ್‌ನಲ್ಲಿ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಪಶ್ಚಿಮಕ್ಕೆ ಶಿರಾ, ದಕ್ಷಿಣಕ್ಕೆ ಮಧುಗಿರಿ, ಉತ್ತರಕ್ಕೆ ಪಾವಗಡ. ಟ್ರ್ಯಾಕ್ಟರು, ಕಳೆ ಕೀಳುವ ಗುಂಪು, ಔಷಧಿ ಹೊಡೆಯುವವರು ಈ ಗಡಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಕಡಲೆಕಾಯಿ, ರಾಗಿ, ತೊಗರಿ, ಹಿಪ್ಪುನೇರಳೆ, ಬೋರ್‌ವೆಲ್ ಇದ್ದಲ್ಲಿ ಅಡಿಕೆ, ಯಾವ ಬೆಳೆಯಾದರೂ ಮಾತುಕತೆ ಶುರುವಾಗುವುದು ‘ಎಕರೆಗೆ ಎಷ್ಟು?’ ಎಂಬ ಪ್ರಶ್ನೆಯಿಂದಲೇ. ಎಷ್ಟು ಎನ್ನುವುದರ ಬಗ್ಗೆ ಗಂಟೆಗಟ್ಟಲೆ ಚೌಕಾಸಿ ನಡೆಯುತ್ತದೆ. ಎಕರೆ ಎಷ್ಟಿದೆ ಎನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ಲೇಖನದ ವಾದ ಇಷ್ಟೇ: ಗುತ್ತಿಗೆ ಕೆಲಸದಲ್ಲಿ ದರಕ್ಕಿಂತ ಮೊದಲು ಅಳತೆ ಇತ್ಯರ್ಥವಾಗಬೇಕು, ಆ ಅಳತೆ ದಾಖಲೆಯಲ್ಲಿರುವ ಭೂಮಿಯದ್ದಲ್ಲ, ನಿಜವಾಗಿ ಕೆಲಸ ನಡೆಯುವ ನೆಲದ್ದಾಗಿರಬೇಕು, ಮತ್ತು ಅದನ್ನು ಕೆಲಸ ಕೊಡುವವರು ಹಾಗೂ ಮಾಡುವವರು ಒಟ್ಟಿಗೆ ನಿಂತು ಮಾಡಬೇಕು.

ದಾಖಲೆಯ ಎಕರೆ, ದುಡಿಮೆಯ ಎಕರೆ

‘ಅಳೆಯುವುದೇಕೆ, ಪಾಸ್‌ಪುಸ್ತಕದಲ್ಲೇ ಇದೆಯಲ್ಲ’ ಎಂಬುದು ಮೊದಲ ಆಕ್ಷೇಪ. ಪಾಸ್‌ಪುಸ್ತಕ ಇರುವುದು ಭೂಮಿ ಯಾರದು, ಎಷ್ಟು ಎಂದು ಹೇಳಲು. ಅದರಲ್ಲಿ ಎಷ್ಟು ನೆಲದ ಮೇಲೆ ಕುಂಟೆ ಹಾಯುತ್ತದೆ ಎನ್ನುವುದು ಅದರ ಕೆಲಸವಲ್ಲ. ಕಂದಾಯದವರಿಗೂ ಈ ಭೇದ ಗೊತ್ತಿತ್ತು. ಕರ್ನಾಟಕದ ಪಹಣಿಯಲ್ಲಿ ಒಟ್ಟು ವಿಸ್ತೀರ್ಣದಿಂದ ಖರಾಬನ್ನು ಬೇರೆಯಾಗಿ ಕಳೆದು ತೋರಿಸುವುದು ಅದಕ್ಕಾಗಿಯೇ. ಬಂಡೆ, ಹಳ್ಳ, ದಾರಿ, ಸಾಗುವಳಿಗೆ ಬಾರದ ನೆಲ ಅದರೊಳಗೆ ಬರುತ್ತವೆ. ಆದರೆ ಖರಾಬು ಬರೆದ ಕಾಲಕ್ಕೂ ಇಂದಿಗೂ ಹೊಲ ಬದಲಾಗಿರುತ್ತದೆ. ಅಂದಿನ ಕಲ್ಲುಗುಡ್ಡೆ ಇಂದು ಸಮತಟ್ಟಾಗಿರಬಹುದು. ಅಂದಿನ ಹೊಲದಲ್ಲಿ ಇಂದು ಕೃಷಿ ಹೊಂಡ, ಪಂಪಿನ ಮನೆ, ಹುಣಸೆಮರದ ನೆರಳು, ಕೊಯ್ಲಿನ ಕಣ ಇರಬಹುದು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡ ಸರ್ವೆ ನಂಬರಿನಲ್ಲಿ ಕಾಗದದ ಮೇಲೆ ಒಂದೇ ಅಂಕಿ ಇರುತ್ತದೆ, ನೆಲದ ಮೇಲೆ ಮೂರು ಹೊಲ ಇರುತ್ತವೆ.

ಬದುವಿನ ಲೆಕ್ಕವೊಂದನ್ನೇ ನೋಡಿ. ಒಂದು ಎಕರೆ ಚೌಕದ ಹೊಲದ ಒಂದೊಂದು ಮಗ್ಗುಲು ಸುಮಾರು 63.6 ಮೀಟರ್, ನಾಲ್ಕೂ ಸೇರಿ 254 ಮೀಟರ್. ಸುತ್ತಲಿನ ಬದು ಒಂದೂವರೆ ಮೀಟರ್ ಅಗಲವಿದ್ದು ಅದರಲ್ಲಿ ಅರ್ಧ ಈ ಹೊಲದ್ದು ಎಂದುಕೊಂಡರೂ 190 ಚದರ ಮೀಟರ್ ನೆಲ ಉಳುಮೆಗೆ ಸಿಗುವುದಿಲ್ಲ. ಅದು ಹತ್ತಿರ ಹತ್ತಿರ ಎರಡು ಗುಂಟೆ, ಐದು ಸೆಂಟು. ಇಳಿಜಾರಿಗೆ ಅಡ್ಡವಾಗಿ ಹೊಲದ ಒಳಗೂ ಬದು ಹಾಕಿದ್ದರೆ ಇನ್ನಷ್ಟು ಹೋಗುತ್ತದೆ. ಪಂಪಿನ ಮನೆ, ಹೊಂಡ, ಕಲ್ಲಿನ ರಾಶಿ ಸೇರಿದರೆ ಕಾಗದದ ಎಕರೆಯಲ್ಲಿ ಕೆಲಸದ ಎಕರೆ ಮೂವತ್ತೈದು ಗುಂಟೆಗೆ ಇಳಿಯುವುದು ಕಷ್ಟವೇನಲ್ಲ. ಇದರ ಪೆಟ್ಟು ಕೂಲಿಗೆ ಮಾತ್ರ ಬೀಳುವುದಿಲ್ಲ. ಕಳೆನಾಶಕ, ಗೊಬ್ಬರ, ಬಿತ್ತನೆ ಬೀಜ ಎಲ್ಲದರ ಪ್ರಮಾಣ ಹೇಳುವುದು ಎಕರೆಗೇ. ಮೂವತ್ತೈದು ಗುಂಟೆಗೆ ಒಂದು ಎಕರೆಯ ಕಳೆನಾಶಕ ಹೊಡೆದರೆ ಬೆಳೆ ಶೇ 14ರಷ್ಟು ಹೆಚ್ಚು ವಿಷ ಕುಡಿಯುತ್ತದೆ. ರೈತ ಹೆಚ್ಚಿಗೆ ಕೊಟ್ಟ ಕೂಲಿ ಇನ್ನೊಬ್ಬರ ಮನೆಗಾದರೂ ಸೇರುತ್ತದೆ, ಹೆಚ್ಚಿಗೆ ಸುರಿದ ಔಷಧಿಯಿಂದ ಯಾರಿಗೂ ಲಾಭವಿಲ್ಲ.

ಮನ್ರೋನ ಸರಪಳಿ

ಭೂಮಿಯನ್ನು ಕೆಲಸದ ಲೆಕ್ಕದಲ್ಲಿ ಅಳೆಯುವುದು ನಮ್ಮಲ್ಲಿ ಹೊಸದಲ್ಲ, ಅದೇ ಹಳೆಯ ಪದ್ಧತಿ. ರೊಳ್ಳಕ್ಕೆ ಹತ್ತಿರದ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನ ನೊಳಂಬರ ರಾಜಧಾನಿ. ಆ ಕಾಲದಿಂದ ಮುಂದಕ್ಕೆ ಕನ್ನಡ ಶಾಸನಗಳಲ್ಲಿ ದತ್ತಿಯ ಭೂಮಿಯನ್ನು ಎರಡು ಬಗೆಯಾಗಿ ಹೇಳಿರುವುದನ್ನು ಕಾಣುತ್ತೇವೆ. ಮತ್ತರು, ಕಮ್ಮ ಎನ್ನುವವು ಕೋಲಿನಿಂದ ಅಳೆದ ವಿಸ್ತೀರ್ಣ. ಆ ಕೋಲು ಊರಿಂದ ಊರಿಗೆ ಬೇರೆಯಾಗಿದ್ದರಿಂದ ಯಾವ ಕೋಲು ಎಂದು ಹೆಸರಿಟ್ಟು ಹೇಳುತ್ತಿದ್ದರು. ಖಂಡುಗ, ಕೊಳಗ ಎನ್ನುವವು ಆ ನೆಲಕ್ಕೆ ಬೇಕಾಗುವ ಬಿತ್ತನೆಯ ಅಳತೆ. ಹಾಗಾಗಿ ಬೆದ್ದಲಿನ ಖಂಡುಗವೂ ಗದ್ದೆಯ ಖಂಡುಗವೂ ವಿಸ್ತೀರ್ಣದಲ್ಲಿ ಒಂದೇ ಆಗಿರಲಿಲ್ಲ. ಇಂಗ್ಲೆಂಡಿನ ಎಕರೆ ಕೂಡ ಹುಟ್ಟಿದ್ದು ಒಂದು ಏರು ಒಂದು ದಿನದಲ್ಲಿ ಉಳುವಷ್ಟು ನೆಲ ಎಂಬ ಅರ್ಥದಲ್ಲಿ. ಬಿತ್ತನೆಯ ಅಳತೆ ಒಂದೇ ಊರಿನೊಳಗೆ, ಒಂದೇ ಬೆಳೆಗೆ, ಪರಸ್ಪರ ಗೊತ್ತಿದ್ದವರ ನಡುವೆ ಚೆನ್ನಾಗಿ ನಡೆಯಿತು. ಹೊರಗಿನವನು ಬಂದು ಬೆಲೆ ಕಟ್ಟಬೇಕಾದಾಗ ಅದು ಕೈಕೊಟ್ಟಿತು, ಏಕೆಂದರೆ ಅದರೊಳಗೆ ನೆಲದ ವಿಸ್ತಾರ ಮತ್ತು ನೆಲದ ಗುಣ ಎರಡೂ ಬೆರೆತುಹೋಗಿದ್ದವು.

ಆ ಹೊರಗಿನವನು ಈ ಸೀಮೆಗೆ ಬಂದದ್ದು 1800ರಲ್ಲಿ. ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಜಿಲ್ಲೆಗಳ ಪ್ರಧಾನ ಕಲೆಕ್ಟರ್ ಆಗಿ 1807ರವರೆಗೆ ಇದ್ದ ಥಾಮಸ್ ಮನ್ರೋ, ಅನಂತಪುರವನ್ನು ನೆಲೆ ಮಾಡಿಕೊಂಡು ಹೊಲಹೊಲವನ್ನೂ ಅಳೆಸಿದ. ಸರಪಳಿಯ ಉದ್ದ ಮೂವತ್ತಮೂರು ಅಡಿ. ಮೂವತ್ತಮೂರು ಅಡಿ ಚೌಕ ಎಂದರೆ 1,089 ಚದರಡಿ, ಅದೇ ಗುಂಟೆ, ಅಂಥ ನಲವತ್ತು ಸೇರಿದರೆ ಒಂದು ಎಕರೆ. ಇವತ್ತು ಗಡಿಯಾಚೆಯ ಅಳತೆ ಎಂದು ರೊಳ್ಳದವರು ಹೇಳುವ ಗುಂಟೆಯ ಲೆಕ್ಕ ಹೀಗೆ ಅವರದೇ ಜಿಲ್ಲೆಯ ಮೊದಲ ಸರ್ವೆಯಲ್ಲಿ ನಡೆದದ್ದು. ಮನ್ರೋನ ಸರ್ವೆಯ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಅಳೆಯುವವರಿಗೆ ಮೊದಲು ತಿಂಗಳ ಸಂಬಳ ಕೊಡುತ್ತಿದ್ದರು, ಆಮೇಲೆ ಅಳೆದ ಎಕರೆಗೆ ಇಷ್ಟು ಎಂದು ಮಾಡಿದರು. ಕೆಲಸ ಚುರುಕಾಯಿತು, ಜೊತೆಗೆ ಅವಸರದ ತಪ್ಪಿನ ಭಯವೂ ಬಂತು. ಅದಕ್ಕೆ ಮರು ಅಳತೆ ಮಾಡುವ ಪರೀಕ್ಷಕರನ್ನು ನೇಮಿಸಿ ಅವರಿಗೆ ಮಾತ್ರ ತಿಂಗಳ ಸಂಬಳ ಇಟ್ಟರು. ಎಕರೆಯ ಲೆಕ್ಕದಲ್ಲಿ ದುಡ್ಡು ಪಡೆಯುವವನೊಬ್ಬನ ಕೈಯಲ್ಲೇ ಎಕರೆಯ ಅಳತೆಯನ್ನು ಬಿಡಬಾರದು ಎಂಬ ಪಾಠ ಇನ್ನೂರು ವರ್ಷ ಹಿಂದೆಯೇ ಈ ನೆಲದಲ್ಲಿ ಕಲಿತದ್ದು. ಟ್ರ್ಯಾಕ್ಟರಿನವನು ‘ಒಂದೂಮುಕ್ಕಾಲು ಆಗುತ್ತೆ’ ಎಂದಾಗ, ಹೊಲದವನು ‘ಒಂದೂಕಾಲು ದಾಟಲ್ಲ’ ಎಂದಾಗ, ಇಬ್ಬರೂ ಅಳತೆಗಾರರ ವೇಷದಲ್ಲಿ ಚೌಕಾಸಿ ಮಾಡುತ್ತಿರುತ್ತಾರೆ.

ನಾಲ್ಕು ಮಗ್ಗುಲು ಸಾಲದು

ಅಳೆಯುತ್ತೇವೆ ಎನ್ನುವವರೂ ಸಾಮಾನ್ಯವಾಗಿ ಮಾಡುವ ಒಂದು ತಪ್ಪಿದೆ. ಎದುರುಬದುರು ಮಗ್ಗುಲುಗಳನ್ನು ಕೂಡಿಸಿ ಅರ್ಧ ಮಾಡಿ, ಬಂದ ಎರಡು ಅಂಕಿಗಳನ್ನು ಗುಣಿಸುವುದು. ಇದು ಬಹಳ ಹಳೆಯ ಸೂತ್ರ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಇದನ್ನು ಸ್ಥೂಲ ಫಲ ಎಂದ. ಸುಮಾರು 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಕನ್ನಡನಾಡಿನಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ, ಕ್ಷೇತ್ರಫಲವನ್ನು ವ್ಯಾವಹಾರಿಕ ಮತ್ತು ಸೂಕ್ಷ್ಮ ಎಂದು ಎರಡಾಗಿ ಬೇರ್ಪಡಿಸಿದ. ಹನ್ನೆರಡನೆಯ ಶತಮಾನದ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯ ಇನ್ನೂ ಖಾರವಾಗಿ, ಕರ್ಣವನ್ನೋ ಲಂಬವನ್ನೋ ಹೇಳದೆ ಚತುರ್ಭುಜದ ಕ್ಷೇತ್ರಫಲ ಕೇಳುವವನನ್ನು ಪಿಶಾಚಿ ಎಂದ, ಉತ್ತರ ಕೊಡಲು ಹೊರಟವನನ್ನೂ ಬಿಡಲಿಲ್ಲ. ಬೈಗುಳಕ್ಕೆ ಕಾರಣವಿದೆ. ನಾಲ್ಕು ಮಗ್ಗುಲಿನ ಉದ್ದ ಗೊತ್ತಿದ್ದರೂ ಹೊಲ ನೇರವಾಗಿ ನಿಂತಿದೆಯೋ ಓರೆಯಾಗಿ ವಾಲಿದೆಯೋ ಗೊತ್ತಾಗುವುದಿಲ್ಲ. ಸ್ಥೂಲ ಸೂತ್ರ ನಿಜವಾದ ಆಯತಕ್ಕೆ ಮಾತ್ರ ಸರಿ, ಉಳಿದ ಎಲ್ಲ ಚತುರ್ಭುಜಕ್ಕೂ ಅದು ಇರುವುದಕ್ಕಿಂತ ಹೆಚ್ಚನ್ನೇ ಕೊಡುತ್ತದೆ. ಕಡಿಮೆ ಕೊಡುವುದು ಸಾಧ್ಯವೇ ಇಲ್ಲ.

ಎಷ್ಟು ಹೆಚ್ಚು ಎನ್ನುವುದಕ್ಕೆ ಒಂದು ಲೆಕ್ಕ. ಹೊಲದ ಎದುರುಬದುರು ಮಗ್ಗುಲುಗಳಲ್ಲಿ ಒಂದು ಜೋಡಿ ತಲಾ 200 ಅಡಿ, ಇನ್ನೊಂದು ಜೋಡಿ ತಲಾ 220 ಅಡಿ ಇವೆ ಎನ್ನೋಣ. ಗುಣಿಸಿದರೆ 44,000 ಚದರಡಿ, ಎಂದರೆ ಒಂದು ಎಕರೆಗಿಂತ ಕೂದಲೆಳೆ ಹೆಚ್ಚು. ಈಗ ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದಾಗ ಗಿಡ್ಡ ಕರ್ಣ 210 ಅಡಿ ಬಂತು ಎಂದುಕೊಳ್ಳಿ. ಹೊಲ ಎರಡು ತ್ರಿಕೋನವಾಯಿತು. ಮೂರು ಮಗ್ಗುಲು ಗೊತ್ತಿರುವ ತ್ರಿಕೋನದ ಕ್ಷೇತ್ರಫಲ ತೆಗೆಯುವ ಸೂತ್ರ ಹೈಸ್ಕೂಲಿನ ಪಾಠ. ಒಂದೊಂದು ತ್ರಿಕೋನ ಸುಮಾರು 19,009 ಚದರಡಿ, ಎರಡೂ ಸೇರಿ 38,018. ಅದು ಮೂವತ್ತೈದು ಗುಂಟೆಗೂ ಚೂರು ಕಡಿಮೆ, 87 ಸೆಂಟು. ಒಂದು ಕರ್ಣವನ್ನು ಬಿಟ್ಟ ತಪ್ಪಿಗೆ ಶೇ 16ರಷ್ಟು ಹೆಚ್ಚುವರಿ ಎಕರೆ ಗಾಳಿಯಲ್ಲಿ ಹುಟ್ಟಿತು. ಹಳ್ಳದ ದಡ, ಗುಡ್ಡದ ತಪ್ಪಲು, ಓರೆ ದಾರಿಗಳ ನಡುವೆ ಸಿಕ್ಕಿಕೊಂಡ ಹೊಲಗಳಲ್ಲಿ ಇಂಥ ವಾಲಿಕೆ ಅಪರೂಪವಲ್ಲ. ಐದು ಅಥವಾ ಆರು ಮೂಲೆಯ ಹೊಲಕ್ಕೂ ದಾರಿ ಇದೇ, ತ್ರಿಕೋನಗಳಾಗಿ ಸೀಳಿ ಒಂದೊಂದನ್ನೇ ಕೂಡಿಸುವುದು.

ಹೆಜ್ಜೆ ಎಣಿಸಿ ಅಳೆಯುವ ರೂಢಿಯಲ್ಲೂ ಒಂದು ಹೊಂಚು ಇದೆ. ಹೆಜ್ಜೆ ಶೇ 5ರಷ್ಟು ತಪ್ಪಿದರೆ ವಿಸ್ತೀರ್ಣ ಶೇ 5 ಅಲ್ಲ, ಶೇ 10 ತಪ್ಪುತ್ತದೆ, ಏಕೆಂದರೆ ಉದ್ದದಲ್ಲೂ ಅಗಲದಲ್ಲೂ ಅದೇ ಹೆಜ್ಜೆ ಇರುತ್ತದೆ. ಎಳೆದರೆ ಹಿಗ್ಗುವ ಹಗ್ಗದ್ದೂ ಇದೇ ಕಥೆ. ನೂರು ಅಡಿಯ ಟೇಪು ದುಬಾರಿಯಲ್ಲ, ಅದೂ ಇಲ್ಲದಿದ್ದರೆ ಹೊಲವೇ ಟೇಪಾಗುತ್ತದೆ. ಕೂರಿಗೆಯಲ್ಲಿ ಬಿತ್ತಿದ ಕಡಲೆಕಾಯಿಯ ಸಾಲುಗಳ ಅಂತರ ಹೊಲದುದ್ದಕ್ಕೂ ಒಂದೇ. ಹತ್ತು ಸಾಲಿನ ಅಗಲವನ್ನು ಸರಿಯಾಗಿ ಅಳೆದು, ಒಟ್ಟು ಸಾಲು ಎಣಿಸಿದರೆ ಅಗಲ ಸಿಕ್ಕಿತು. ಒಂಬತ್ತು ಅಡಿಗೊಂದರಂತೆ ನೆಟ್ಟ ಅಡಿಕೆ ತೋಟದಲ್ಲಿ ಮರವೊಂದಕ್ಕೆ 81 ಚದರಡಿ. ನಾನೂರು ಮರ ಎಂದರೆ 32,400 ಚದರಡಿ, ಮೂವತ್ತು ಗುಂಟೆಗೆ ಕಾಲು ಕಡಿಮೆ. ಇಂಥ ಲೆಕ್ಕದ ಗುಣವೇನೆಂದರೆ ಬದು, ಬಂಡೆ, ಪಂಪಿನ ಮನೆ ತಾವಾಗಿ ಹೊರಗುಳಿಯುತ್ತವೆ. ಸಾಲು ಇದ್ದಲ್ಲಷ್ಟೇ ಕಳೆ ಕೀಳುವುದು, ಮರ ಇದ್ದಲ್ಲಷ್ಟೇ ಔಷಧಿ ಹೊಡೆಯುವುದು. ತೆಂಗಿನಕಾಯಿ ಕೀಳುವವರು ಮರದ ಲೆಕ್ಕದಲ್ಲಿ ಕೂಲಿ ಕೇಳುವಲ್ಲಿ ವಿಸ್ತೀರ್ಣದ ಜಗಳವೇ ಹುಟ್ಟುವುದಿಲ್ಲ. ಎಣಿಸಲು ಸಾಧ್ಯವಿದ್ದದ್ದನ್ನು ಎಣಿಸುವುದು ಅಳೆಯುವುದಕ್ಕಿಂತಲೂ ಒಳ್ಳೆಯದು.

ಫೋನು, ಡ್ರೋನು, ಉಪಗ್ರಹ

ಈಗ ಫೋನಿನಲ್ಲೇ ಹೊಲ ಸುತ್ತಿ ಎಕರೆ ಹೇಳಿಸುವ ಆ್ಯಪ್‌ಗಳಿವೆ, ಟೇಪು ಯಾರಿಗೆ ಬೇಕು ಎಂಬುದು ಎರಡನೆಯ ಆಕ್ಷೇಪ. ಆ್ಯಪ್ ಉಪಯುಕ್ತ, ಆದರೆ ಅದರ ಮಿತಿ ಗೊತ್ತಿರಬೇಕು. ಬಯಲಿನಲ್ಲಿ ಒಳ್ಳೆಯ ಫೋನಿನ ಸ್ಥಾನ ಸುಮಾರು ಐದು ಮೀಟರಿನೊಳಗೆ ಸರಿ ಇರುತ್ತದೆ. ಒಂದೇ ಸುತ್ತಿನಲ್ಲಿ ಆ ತಪ್ಪು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಸರಿದಿರುವುದರಿಂದ ಹೊಲದ ಆಕಾರ ಅಷ್ಟೊಂದು ಕೆಡುವುದಿಲ್ಲ ಎನ್ನುವುದೂ ನಿಜ. ದೊಡ್ಡ ತೊಂದರೆ ನಡೆಯುವವನ ಕಾಲಿನಲ್ಲಿದೆ. ಬೆಳೆ ತುಳಿಯಬಾರದೆಂದು ಅವನು ಬದುವಿನ ಆಚೆ ಬದಿಯಲ್ಲಿ ನಡೆಯುತ್ತಾನೆ. ಸುತ್ತಲೂ ಒಂದು ಮೀಟರ್ ಹೊರಗೆ ನಡೆದರೆ ಒಂದು ಎಕರೆಯ ಹೊಲ ಶೇ 6ಕ್ಕಿಂತ ಹೆಚ್ಚು ಹಿಗ್ಗುತ್ತದೆ. ಹತ್ತು ಎಕರೆಯ ಹೊಲವಾದರೆ ಅದೇ ತಪ್ಪು ಶೇ 2 ಮಾತ್ರ. ಅಂಚಿನ ತಪ್ಪು ಹೊಲ ಸಣ್ಣದಾದಷ್ಟೂ ದೊಡ್ಡದಾಗುತ್ತದೆ, ಎಂದರೆ ಸಣ್ಣ ಹಿಡುವಳಿದಾರನೇ ಹೆಚ್ಚು ಜಾಗ್ರತೆಯಿಂದ ಅಳೆಯಬೇಕು. ಅರ್ಧ ಎಕರೆಗೆ ಅಳತೆ ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ.

ಡ್ರೋನ್‌ನಿಂದ ಔಷಧಿ ಹೊಡೆಸುವವರಿಗೆ ಅಳತೆಯ ಅನುಕೂಲ ಸ್ವಲ್ಪ ಹೆಚ್ಚು. ಹಾರಿಸುವ ಮೊದಲು ಗಡಿಯ ಬಿಂದುಗಳನ್ನು ಗುರುತು ಮಾಡಲೇಬೇಕು, ವಿಸ್ತೀರ್ಣ ಪರದೆಯ ಮೇಲೆ ಬರುತ್ತದೆ. ಅದನ್ನು ನೋಡಿ ಒಪ್ಪಿಕೊಂಡ ಮೇಲೆ ಹಾರಿಸಿ ಎನ್ನಲು ರೈತನಿಗೆ ಹಕ್ಕಿದೆ. ಆದರೆ ಹೊಲದ ನಡುವಿನ ಮರ, ಹೊಂಡವನ್ನು ಬಿಡಿಸಿ ಗುರುತು ಮಾಡದಿದ್ದರೆ ಯಂತ್ರ ಅದನ್ನೂ ಎಕರೆಗೆ ಸೇರಿಸುತ್ತದೆ. ಇನ್ನು ಆಂಧ್ರದಲ್ಲಿ 2020ರ ಡಿಸೆಂಬರ್‌ನಲ್ಲಿ ಶುರುವಾದ ಮರುಸರ್ವೆ ಡ್ರೋನ್ ಮತ್ತು ನೆಲದ ಮೇಲಿನ ಸ್ಥಿರ ಉಪಗ್ರಹ ಕೇಂದ್ರಗಳ ನೆರವಿನಿಂದ ಸೆಂಟಿಮೀಟರುಗಳ ಮಟ್ಟದ ನಿಖರತೆಯನ್ನು ಗುರಿಯಾಗಿಟ್ಟುಕೊಂಡದ್ದು. ಅದು ಬಂದರೆ ಹಳೆಯ ಅಂದಾಜುಗಳು ಕಳಚುತ್ತವೆ, ಒಳ್ಳೆಯದೇ. ಆದರೂ ಅದು ಹೇಳುವುದು ಮಾಲೀಕತ್ವದ ಎಕರೆಯನ್ನು. ದುಡಿಮೆಯ ಎಕರೆ ಈ ವರ್ಷದ ಬೆಳೆ ಎಲ್ಲಿಂದ ಎಲ್ಲಿಗಿದೆ ಎನ್ನುವುದರ ಮೇಲೆ ನಿಂತಿರುವುದರಿಂದ ಪ್ರತಿ ಹಂಗಾಮಿನಲ್ಲೂ ನೋಡಬೇಕಾದದ್ದು. ಹಾಗೆಯೇ ಕೆಲಸಕ್ಕಾಗಿ ಹಿಡಿದ ಟೇಪಿನಿಂದ ಗಡಿಯ ಹಕ್ಕು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಇದನ್ನು ಪಕ್ಕದ ಹೊಲದವರಿಗೆ ಮೊದಲೇ ತಿಳಿಸಿದರೆ ಅನಗತ್ಯ ಅನುಮಾನ ತಪ್ಪುತ್ತದೆ.

ಎಲ್ಲ ಎಕರೆಯೂ ಒಂದೇ ಅಲ್ಲ

ಮೂರನೆಯ ಆಕ್ಷೇಪ ಗಟ್ಟಿಯಾದದ್ದು. ಕಲ್ಲು ತುಂಬಿದ ಎಕರೆಯೂ ಮೆತ್ತನೆಯ ಮಣ್ಣಿನ ಎಕರೆಯೂ ಒಂದೇ ಕೆಲಸ ಕೇಳುವುದಿಲ್ಲ, ಎಕರೆ ಸರಿಯಾಗಿ ಅಳೆದ ಮಾತ್ರಕ್ಕೆ ಕೂಲಿ ಸರಿಯಾದೀತೇ? ಆಗುವುದಿಲ್ಲ. ಆಕಾರದಿಂದಲೇ ಎಷ್ಟು ಬದಲಾಗುತ್ತದೆ ನೋಡಿ. ಆರಡಿ ಅಗಲದ ಕಲ್ಟಿವೇಟರ್ ಎಳೆಯುವ ಟ್ರ್ಯಾಕ್ಟರಿಗೆ ಚೌಕದ ಒಂದು ಎಕರೆಯಲ್ಲಿ ಸುಮಾರು ಮೂವತ್ತೈದು ಸಾಲು. ಅದೇ ಎಕರೆ ನೂರಡಿ ಅಗಲ, 435 ಅಡಿ ಉದ್ದವಾಗಿದ್ದರೆ ಉದ್ದಕ್ಕೆ ಹದಿನೇಳು ಸಾಲು ಸಾಕು. ಇಳಿಜಾರಿನ ಕಾರಣ ಅಡ್ಡಕ್ಕೇ ಉಳಬೇಕಾದರೆ ಎಪ್ಪತ್ತಮೂರು. ಪ್ರತಿ ಸಾಲಿನ ತುದಿಗೂ ಒಂದು ತಿರುವು, ಡೀಸೆಲ್ಲೂ ಹೊತ್ತೂ ಹೋಗುವುದು ತಿರುವಿನಲ್ಲಿ. ಇಳಿಜಾರಿನಿಂದ ನೆಲದ ವಿಸ್ತೀರ್ಣವೇನೂ ಹೆಚ್ಚು ಬದಲಾಗುವುದಿಲ್ಲ, ಹತ್ತು ಡಿಗ್ರಿ ವಾಲಿಕೆಗೆ ಶೇ 1.5 ಮಾತ್ರ. ಬದಲಾಗುವುದು ಶ್ರಮ.

ಇದರಿಂದ ಹೊರಡುವ ತೀರ್ಮಾನ ಅಳತೆ ಬೇಡ ಎಂದಲ್ಲ, ಅಳತೆಯನ್ನೂ ಕಷ್ಟವನ್ನೂ ಬೆರೆಸಬಾರದು ಎಂದು. ‘ಕಲ್ಲು ಜಾಸ್ತಿ, ಒಂದೂಕಾಲು ಅಂತ ಹಿಡಿ’ ಎನ್ನುವುದು ಕೇಳಲು ನ್ಯಾಯವಾಗಿದೆ. ಆದರೆ ಮುಂದಿನ ವರ್ಷ ಔಷಧಿ ಹೊಡೆಯುವವನಿಗೆ ಆ ಸುಳ್ಳು ಕಾಲು ಎಕರೆಯೇ ಅಳತೆಯಾಗುತ್ತದೆ, ಅವನ ಕೆಲಸಕ್ಕೂ ಕಲ್ಲಿಗೂ ಸಂಬಂಧವೇ ಇಲ್ಲದಿದ್ದರೂ. ಕಲ್ಲಿದ್ದರೆ ದರ ಏರಲಿ, ಎಕರೆ ಏರುವುದು ಬೇಡ. ಇದನ್ನು ಸರ್ಕಾರವೇ ಒಪ್ಪಿಕೊಂಡ ದೊಡ್ಡ ಉದಾಹರಣೆ ರೊಳ್ಳ ಆಗ ಸೇರಿದ್ದ ಜಿಲ್ಲೆಯದ್ದೇ. ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆ 2006ರ ಫೆಬ್ರುವರಿ 2ರಂದು ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಉದ್ಘಾಟನೆಯಾಯಿತು. ಅದರಲ್ಲಿ ಮಣ್ಣಿನ ಕೆಲಸದ ಕೂಲಿ ತೋಡಿದ ಗುಂಡಿಯ ಉದ್ದ, ಅಗಲ, ಆಳದ ಮೇಲೆ ನಿಂತಿತ್ತು. ಗಟ್ಟಿ ಮಣ್ಣಿಗೆ ಒಂದು ದರ, ಮೆದು ಮಣ್ಣಿಗೆ ಇನ್ನೊಂದು. ಅಳತೆ ಅಳತೆಯ ಪುಸ್ತಕದಲ್ಲಿ, ಕಷ್ಟ ದರಪಟ್ಟಿಯಲ್ಲಿ. ಆ ವ್ಯವಸ್ಥೆಯಲ್ಲಿ ದೂರುಗಳಿರಲಿಲ್ಲವೆಂದಲ್ಲ. ಆದರೆ ಎರಡನ್ನೂ ಬೇರೆ ಬೇರೆ ಬರೆಯುತ್ತಿದ್ದುದರಿಂದಲೇ ದೂರು ಕೊಡಲು, ಸಾಮಾಜಿಕ ಲೆಕ್ಕಪರಿಶೋಧನೆಯಲ್ಲಿ ಎತ್ತಿ ಕೇಳಲು ಸಾಧ್ಯವಾಗುತ್ತಿತ್ತು. ಬಾಯಿಮಾತಿನ ‘ಒಂದೂಕಾಲು’ ಯಾವ ಪರಿಶೋಧನೆಗೂ ಸಿಗುವುದಿಲ್ಲ. ಅಳತೆ ಮಾಲೀಕನ ಆಯುಧ ಎಂಬ ಅನುಮಾನಕ್ಕೂ ಇಲ್ಲಿ ಉತ್ತರವಿದೆ. ಕಡಿಮೆ ಎಕರೆ ಹೇಳಿ ಹೆಚ್ಚು ದುಡಿಸಿಕೊಂಡರೆ ನಷ್ಟ ಕಳೆ ಕೀಳುವ ಹೆಂಗಸರದ್ದು. ಅಳತೆ ಅವರ ಕಣ್ಣೆದುರು ನಡೆದರೆ ಮೇಸ್ತ್ರಿಯೂ ಮಾಲೀಕನೂ ಹೇಳಿದ್ದನ್ನು ಸುಮ್ಮನೆ ನಂಬಬೇಕಾಗಿಲ್ಲ.

ಹಾಗಿದ್ದರೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟುಬಿಟ್ಟರೆ ಆಯಿತಲ್ಲ ಎನ್ನಬಹುದು. ಟ್ರ್ಯಾಕ್ಟರು, ಕೊಯ್ಲು ಯಂತ್ರಗಳಿಗೆ ಅನೇಕ ಕಡೆ ಹಾಗೆ ನಡೆಯುತ್ತದೆ. ಎಕರೆಯ ಲೆಕ್ಕದಲ್ಲಿ ಚಾಲಕನಿಗೆ ಅವಸರ, ಗಂಟೆಯ ಲೆಕ್ಕದಲ್ಲಿ ಅವಸರವೇ ಇಲ್ಲ. ಮೇಲೆ ಮೇಲೆ ಕೆರೆದು ಓಡುವುದು ಒಂದರ ದೋಷವಾದರೆ, ತುದಿಯಲ್ಲಿ ನಿಂತು ಫೋನಿನಲ್ಲಿ ಮಾತಾಡುವುದು ಇನ್ನೊಂದರದ್ದು. ಗಂಟೆಯ ಬಾಡಿಗೆ ನ್ಯಾಯವೋ ಅಲ್ಲವೋ ಎಂದು ತಿಳಿಯಲು ಒಂದು ಗಂಟೆಗೆ ಎಷ್ಟು ನೆಲ ಮುಗಿಯಬೇಕು ಎಂಬುದು ಗೊತ್ತಿರಬೇಕು. ಅದಕ್ಕೆ ಮತ್ತೆ ಎಕರೆಯೇ ಬೇಕು. ಅಳತೆಯಿಂದ ತಪ್ಪಿಸಿಕೊಳ್ಳಲು ಗಂಟೆಯ ಹಿಂದೆ ಅಡಗಿದರೂ ಅದು ಅಲ್ಲೇ ಕಾಯುತ್ತಿರುತ್ತದೆ.

ಹುಲ್ಲುಹಾಸಿಗೂ ಇದೇ ಮಾತು

ಈ ಸೀಮೆಯ ಜನ ಕೂಲಿಗಾಗಿ ಬೆಂಗಳೂರಿನ ದಾರಿ ಹಿಡಿಯುವುದು ಹೊಸದಲ್ಲ. ಅಲ್ಲಿ ಅಪಾರ್ಟ್‌ಮೆಂಟು, ಕಾರ್ಖಾನೆ, ಬಡಾವಣೆಯ ಮನೆಗಳ ಹುಲ್ಲುಹಾಸು ನೋಡಿಕೊಳ್ಳುವ ಗುತ್ತಿಗೆಗೆ ಎಕರೆಯ ಬದಲು ಚದರಡಿ ಬರುತ್ತದೆ, ಉಳಿದದ್ದೆಲ್ಲ ಇದೇ. ನಲವತ್ತು ಅರವತ್ತರ ನಿವೇಶನ ಎಂದರೆ 2,400 ಚದರಡಿ. ಮನೆ, ಕಾರು ನಿಲ್ಲುವ ಜಾಗ, ನಡೆದಾರಿ ಕಳೆದರೆ ಹುಲ್ಲಿಗೆ ಉಳಿಯುವುದು ಆರು ನೂರು ಇರಬಹುದು. ಬದು ಮತ್ತು ಖರಾಬು ಇಲ್ಲಿ ಸಿಮೆಂಟಿನ ರೂಪದಲ್ಲಿರುತ್ತವೆ, ಅಷ್ಟೇ. ಉಪಗ್ರಹ ಚಿತ್ರ ನೋಡಿ ಕೂತಲ್ಲೇ ದರ ಹೇಳುವವರಿಗೆ ಮರದ ಕೊಂಬೆ ಹುಲ್ಲಿನ ಅಂಚನ್ನು ಮುಚ್ಚುತ್ತದೆ, ಓರೆಯಿಂದ ತೆಗೆದ ಚಿತ್ರದಲ್ಲಿ ಕಟ್ಟಡ ವಾಲಿ ಬಿದ್ದು ಜಾಗ ನುಂಗುತ್ತದೆ. ಇನ್ನು ಆಕಾರ. ಮೂವತ್ತು ಇಪ್ಪತ್ತರ ಹುಲ್ಲುಹಾಸಿನ ಸುತ್ತಳತೆ ನೂರಡಿ. ಕಾಂಪೌಂಡ್ ಗೋಡೆಯ ಪಕ್ಕ ಆರಡಿ ಅಗಲ, ನೂರಡಿ ಉದ್ದದ ಪಟ್ಟಿಯಾದರೆ ವಿಸ್ತೀರ್ಣ ಅದೇ ಆರು ನೂರು, ಸುತ್ತಳತೆ 212 ಅಡಿ. ಯಂತ್ರ ಹೊಕ್ಕದ ಅಂಚನ್ನು ಕೈಯಿಂದ ಕತ್ತರಿಸಬೇಕಾದದ್ದು ಎರಡರಷ್ಟಕ್ಕೂ ಹೆಚ್ಚು. ಚದರಡಿಯ ಒಂದೇ ದರ ಹಿಡಿದು ಸಹಿ ಹಾಕಿದ ಗುತ್ತಿಗೆದಾರನಿಗೆ ಇದು ತಿಳಿಯುವುದು ಮೊದಲ ತಿಂಗಳ ಕೂಲಿ ಬಟವಾಡೆಯ ದಿನ. ಕಡಿಮೆ ಅಳತೆಗೆ ಕಡಿಮೆ ದರ ಹೇಳಿ ಕೆಲಸ ಹಿಡಿದವನು ನಷ್ಟವನ್ನು ಸರಿದೂಗಿಸುವುದು ಕೂಲಿಯವರ ತಲೆ ಎಣಿಕೆ ಇಳಿಸಿ. ಹೆಚ್ಚು ಅಳತೆಗೆ ಹೆಚ್ಚು ದರ ಹೇಳಿದವನಿಗೆ ಕೆಲಸವೇ ಸಿಗುವುದಿಲ್ಲ.

ಕೊನೆಯ ಆಕ್ಷೇಪ ಲೆಕ್ಕದ್ದಲ್ಲ, ಮರ್ಯಾದೆಯದ್ದು. ಎಷ್ಟೋ ವರ್ಷದಿಂದ ಬರುವ ಟ್ರ್ಯಾಕ್ಟರಿನವನ ಮುಂದೆ ಟೇಪು ಬಿಚ್ಚಿದರೆ ಅವನನ್ನು ನಂಬಲಿಲ್ಲ ಎಂದಾಗುವುದಿಲ್ಲವೇ? ಹಳ್ಳಿಯಲ್ಲಿ ಈ ಮಾತಿಗೆ ತೂಕವಿದೆ. ಆದರೆ ನಂಬಿಕೆ ಮುರಿಯುವುದು ಅಳೆದಾಗಲೋ, ಅಳೆಯದೆ ಇದ್ದು ಕೊನೆಗೆ ಒಬ್ಬೊಬ್ಬರು ಒಂದೊಂದು ಅಂಕಿ ಹೇಳಿದಾಗಲೋ? ವರ್ಷ ವರ್ಷ ಕಣ್ಣಳತೆಯಲ್ಲಿ ಕೊಟ್ಟವನ ಮನಸ್ಸಿನಲ್ಲೂ ಪಡೆದವನ ಮನಸ್ಸಿನಲ್ಲೂ ‘ಸ್ವಲ್ಪ ಹೋಯಿತು’ ಎಂಬ ಕೊರಗು ಉಳಿದೇ ಇರುತ್ತದೆ. ಒಂದು ಸಲ ಇಬ್ಬರೂ ಟೇಪಿನ ಎರಡು ತುದಿ ಹಿಡಿದು ಅಳೆದರೆ ಆ ಕೊರಗಿಗೆ ಜಾಗವಿಲ್ಲ. ಹೊಲದ ಆಕಾರ ಬದಲಾಗುವವರೆಗೆ ಆ ಅಂಕಿಯೇ ನಡೆಯುತ್ತದೆ. ನಾಲ್ಕು ಮೂಲೆಯ ಹೊಲಕ್ಕೆ ಬೇಕಾದದ್ದು ನಾಲ್ಕು ಮಗ್ಗುಲು, ಒಂದು ಕರ್ಣ, ಕಳೆಯಬೇಕಾದ ಜಾಗಗಳು, ಇಬ್ಬರು ಜನ, ಅರ್ಧ ಗಂಟೆ.

ಆ ಅರ್ಧ ಗಂಟೆಯ ಕೊನೆಗೆ ಒಂದು ಚೀಟಿಯಲ್ಲಿ ಐದು ಸಂಗತಿ ಬರೆದುಕೊಂಡರೆ ಸಾಕು: ಮಗ್ಗುಲುಗಳು ಮತ್ತು ಕರ್ಣದ ಉದ್ದ, ಬದು ಬಂಡೆಗೆ ಕಳೆದದ್ದು, ಉಳಿದ ಚದರಡಿ, ಅದನ್ನು ಎಕರೆಗೆ ತಂದಾಗ ಬಂದ ಅಂಕಿ, ಆ ಅಂಕಿಯ ಮುಂದೆ ಗುಂಟೆ ಅಥವಾ ಸೆಂಟು ಎಂಬ ಪದ. ಎರಡೂವರೆ ಸೆಂಟಿಗೆ ಒಂದು ಗುಂಟೆ ಎಂದು ನೆನಪಿದ್ದರೆ ಗಡಿಯ ಎರಡೂ ಬದಿಯವರಿಗೆ ಅದೇ ಚೀಟಿ ಸಾಕಾಗುತ್ತದೆ. ದರ ಆಮೇಲೆ. ದರದಲ್ಲಿ ಗಟ್ಟಿಯಾಗಿ ಚೌಕಾಸಿ ಮಾಡಲಿ, ಕಲ್ಲು, ಕಳೆ, ತಿರುವು, ಬಿಸಿಲು ಎಲ್ಲದಕ್ಕೂ ಬೆಲೆ ಕಟ್ಟಲಿ, ಒಪ್ಪಿಗೆಯಾಗದಿದ್ದರೆ ಎದ್ದು ಹೋಗಲಿ. ದುಡಿಮೆಗೆ ಬೆಲೆ ಎಷ್ಟು ಎಂಬುದು ಇಬ್ಬರು ವಾದ ಮಾಡಿ ತೀರ್ಮಾನಿಸಬೇಕಾದ ಪ್ರಶ್ನೆ. ನೆಲ ಎಷ್ಟು ಎಂಬುದು ಹಾಗಲ್ಲ, ಅದಕ್ಕೆ ಟೇಪು ಸಾಕು.